ಕಂಬಕ್ಕೆ ತಂತಿ ಬೇಕೋ ಬೇಡವೋ: ದೋಣಿಯಲ್ಲೇ ಬದುಕುವವರಿಗೆ ಜಂಕ್ ಹಾಯಿ, ಬರ್ಮುಡನ್ ಹಾಯಿ ಹೋಲಿಕೆ

ಹಾಯಿದೋಣಿಯಲ್ಲೇ ಮನೆ ಮಾಡಿಕೊಂಡು ದೇಶ ಸುತ್ತುವ ಆಸೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹೊಸದೇನಲ್ಲ. ಇತ್ತೀಚೆಗೆ ಈ ಕಡೆ ನೆಲೆಸಿರುವ ನಮ್ಮ ಕನ್ನಡದವರಲ್ಲೂ ಒಬ್ಬಿಬ್ಬರಿಗೆ ಈ ಹುಚ್ಚು ಹತ್ತಿದೆ. ಸೌತಾಂಪ್ಟನ್‌ನಿಂದ ಫಾಲ್ಮತ್‌ವರೆಗೆ ಯಾವ ಬಂದರಿಗೆ ಹೋದರೂ 25ರಿಂದ 35 ಅಡಿಯ ಹಳೆಯ ಫೈಬರ್‌ಗ್ಲಾಸ್ ದೋಣಿಗಳು ಮಾರಾಟಕ್ಕೆ ನಿಂತಿರುತ್ತವೆ. ಹೆಚ್ಚುಕಡಿಮೆ ಎಲ್ಲವೂ ಬರ್ಮುಡನ್ ಹಾಯಿಯವು. ಅಂದರೆ ಎತ್ತರದ ಕಂಬ, ಅದನ್ನು ನಾಲ್ಕೂ ಕಡೆಯಿಂದ ಬಿಗಿದು ಹಿಡಿದ ಉಕ್ಕಿನ ತಂತಿಗಳು, ಹಿಂದೊಂದು ಮುಂದೊಂದು ಮುಕ್ಕೋನದ ಹಾಯಿ. ಅವುಗಳ ನಡುವೆ ಎಲ್ಲೋ ಒಂದು ದೋಣಿ ಬೇರೆ ಥರ ಕಾಣುತ್ತದೆ. ಕಂಬಕ್ಕೆ ಒಂದೂ ತಂತಿ ಇಲ್ಲ. ಒಂದೇ ದೊಡ್ಡ ಹಾಯಿ, ಅದಕ್ಕೆ ಮೇಲಿಂದ ಕೆಳಗಿನವರೆಗೂ ಅಡ್ಡ ಕಟ್ಟಿದ ಪಟ್ಟಿಗಳು. ಚೀನಾದ ಹಳೆಯ ಹಡಗುಗಳ ಚಿತ್ರದಲ್ಲಿ ಇರುತ್ತದಲ್ಲ, ಅದೇ. ಜಂಕ್ ಹಾಯಿ.

ಇದನ್ನು ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ವರ್ಷಪೂರ್ತಿ ದೋಣಿಯಲ್ಲೇ ಇರುವುದಾದರೆ ಇದು ಒಳ್ಳೆಯದೋ, ಆ ಮಾಮೂಲಿಯೇ ಸಾಕೋ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದೋಣಿಯಲ್ಲಿ ಇರುವವರು ಒಬ್ಬರೋ ಇಬ್ಬರೋ, ಎಲ್ಲಿಗೂ ಅವಸರವಿಲ್ಲ, ಗರಗಸ ಮತ್ತು ಹೊಲಿಗೆ ಮಿಷನ್ ಎರಡೂ ಕೈಗೆ ಒಗ್ಗುತ್ತವೆ ಅಂದರೆ ಜಂಕ್ ಕಡೆ ಧೈರ್ಯವಾಗಿ ಹೋಗಿ. ಎರಡು ಮೂರು ವರ್ಷ ಸುತ್ತಿ ಮಾರಿಬಿಡುವ ಯೋಚನೆ ಇದ್ದರೆ, ಗಾಳಿಗೆ ಎದುರಾಗಿ ಜಾಸ್ತಿ ಓಡಾಡುವುದಿದ್ದರೆ, ರಿಪೇರಿ ಅಂದರೆ ಫೋನ್ ಮಾಡಿ ಕರೆಸುವುದು ಅನ್ನುವ ಸ್ವಭಾವವಿದ್ದರೆ ಬರ್ಮುಡನ್ನೇ ಸರಿ. ಈ ತೀರ್ಮಾನಕ್ಕೆ ಕಾರಣಗಳು ಒಂದೊಂದಾಗಿ ನೋಡೋಣ.

ರಾತ್ರಿ ಗಾಳಿ ಎದ್ದಾಗ

ಜಂಕ್ ಹಾಯಿಯ ಅಸಲಿ ಗುಣ ಗೊತ್ತಾಗುವುದು ಹಾಯಿಯನ್ನು ಚಿಕ್ಕದು ಮಾಡಬೇಕಾದಾಗ. ಗಾಳಿ ಜೋರಾದರೆ ಹಾಯಿಯ ಒಂದು ಭಾಗವನ್ನು ಇಳಿಸಿ ಕಟ್ಟಬೇಕು. ಇದಕ್ಕೆ ರೀಫ್ ಮಾಡುವುದು ಅನ್ನುತ್ತಾರೆ. ದೋಣಿ ಬದುಕಿನಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಕಡಿಮೆ.

ಬರ್ಮುಡನ್ ದೋಣಿಯಲ್ಲಿ ಹೇಗೆ ನಡೆಯುತ್ತದೆ ನೋಡಿ. ರಾತ್ರಿ ಎರಡು ಗಂಟೆ, ಮಳೆ ಹೊಡೆಯುತ್ತಿದೆ. ಮಲಗಿದವರನ್ನು ಎಬ್ಬಿಸಬೇಕು. ಒಬ್ಬರು ಚುಕ್ಕಾಣಿ ಹಿಡಿದು ದೋಣಿಯನ್ನು ಗಾಳಿಯ ಕಡೆ ತಿರುಗಿಸುತ್ತಾರೆ. ಇನ್ನೊಬ್ಬರು ಸೊಂಟದ ಪಟ್ಟಿಗೆ ಹಗ್ಗ ಸಿಕ್ಕಿಸಿಕೊಂಡು ಒದ್ದೆ ಡೆಕ್ ಮೇಲೆ ಕಂಬದವರೆಗೆ ಹೋಗುತ್ತಾರೆ. ಹಾಯಿ ಎತ್ತುವ ಹಗ್ಗ ಸಡಿಲಿಸಿ, ಹಾಯಿಯ ಮುಂದಿನ ಅಂಚಿನಲ್ಲಿರುವ ರಿಂಗನ್ನು ಕೊಕ್ಕೆಗೆ ಹಾಕಿ, ಹಿಂದಿನ ಮೂಲೆಯನ್ನು ಇನ್ನೊಂದು ಹಗ್ಗದಿಂದ ಎಳೆದು, ಮತ್ತೆ ಹಾಯಿ ಬಿಗಿ ಮಾಡಬೇಕು. ಅಷ್ಟೂ ಹೊತ್ತು ಹಾಯಿ ಪಟಪಟ ಬಡಿದುಕೊಳ್ಳುತ್ತಲೇ ಇರುತ್ತದೆ. ಮುಂದಿನ ಹಾಯಿ ಸುರುಳಿ ಸುತ್ತುವ ಥರದ್ದಾದರೆ ಅದನ್ನು ಕೂತಲ್ಲಿಂದಲೇ ಸುತ್ತಬಹುದು, ಸುತ್ತುವ ಯಂತ್ರ ಸಿಕ್ಕಿಕೊಳ್ಳದಿದ್ದರೆ. ಈಗ ಬಹಳ ದೋಣಿಗಳಲ್ಲಿ ಹಗ್ಗಗಳನ್ನೆಲ್ಲ ಹಿಂದಕ್ಕೆ, ಚುಕ್ಕಾಣಿ ಹತ್ತಿರಕ್ಕೆ ತಂದಿರುತ್ತಾರೆ. ಆಗ ಕೆಲಸ ಸ್ವಲ್ಪ ಹಗುರ. ಆದರೂ ಕೆಲಸ ಕೆಲಸವೇ.

ಜಂಕ್‌ನಲ್ಲಿ ಮೆಟ್ಟಿಲ ಮೇಲೆ ನಿಂತು ತಲೆ ಮಾತ್ರ ಹೊರಗೆ ಹಾಕಿದರೆ ಸಾಕು. ಹಾಯಿ ಎತ್ತುವ ಹಗ್ಗ ಬಿಟ್ಟರೆ ಹಾಯಿ ತನ್ನ ಭಾರಕ್ಕೇ ಕೆಳಗೆ ಬಂದು, ಜಗಲಿಗೆ ಇಳಿಬಿಟ್ಟ ಬಿದಿರಿನ ತಟ್ಟಿಯ ಹಾಗೆ ಪಟ್ಟಿಯ ಮೇಲೆ ಪಟ್ಟಿ ಮಡಿಸಿಕೊಳ್ಳುತ್ತದೆ. ಎರಡೂ ಬದಿ ಇಳಿಬಿಟ್ಟ ಹಗ್ಗಗಳ ತೊಟ್ಟಿಲು ಅದನ್ನು ಹಿಡಿದುಕೊಳ್ಳುತ್ತದೆ. ಒಂದು ಪಟ್ಟಿ ಬೇಕಾದರೆ ಒಂದು, ಮೂರು ಬೇಕಾದರೆ ಮೂರು. ಹಗ್ಗ ಕಟ್ಟಿ, ಪಟ್ಟಿಗಳನ್ನು ಕಂಬಕ್ಕೆ ಒತ್ತಿ ಹಿಡಿಯುವ ಎರಡು ಹಗ್ಗಗಳನ್ನು ಎಳೆದು, ಹಾಯಿಯ ಕೋನ ಸರಿಮಾಡಿದರೆ ಮುಗಿಯಿತು. ದೋಣಿಯನ್ನು ಗಾಳಿಯ ಕಡೆ ತಿರುಗಿಸಬೇಕಾಗಿಲ್ಲ. ಹಿಂದಿನಿಂದ ಗಾಳಿ ಹೊಡೆಯುತ್ತಿದ್ದರೂ ಇಳಿಸಬಹುದು. ಮಲಗಿದವರು ಮಲಗಿಯೇ ಇರಬಹುದು. ಒಳಗೆ ಬಂದರೆ ತಲೆಗೂದಲು ಮಾತ್ರ ಒದ್ದೆ.

ಇದನ್ನು ಸೌಕರ್ಯ ಅಂತ ಮಾತ್ರ ನೋಡಬೇಡಿ. ಕೆಲಸ ಕಷ್ಟವಿದ್ದರೆ ಜನ ಮುಂದೂಡುತ್ತಾರೆ. 'ಇನ್ನೊಂದು ಹತ್ತು ನಿಮಿಷ ನೋಡೋಣ' ಅನ್ನುತ್ತಾರೆ. ಸಮುದ್ರದಲ್ಲಿ ಹೆಚ್ಚಿನ ಫಜೀತಿಗಳು ಶುರುವಾಗುವುದೇ ಆ ಹತ್ತು ನಿಮಿಷದಲ್ಲಿ. ಸುಲಭವಿದ್ದರೆ ಹೊತ್ತಿಗೆ ಮುಂಚೆಯೇ ಮಾಡಿಬಿಡುತ್ತೀರಿ.

ಈ ಗುಣವನ್ನು ಪಶ್ಚಿಮದ ಹವ್ಯಾಸಿಗಳಿಗೆ ತೋರಿಸಿಕೊಟ್ಟವರು ಬ್ಲಾಂಡಿ ಹ್ಯಾಸ್ಲರ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ರಾಯಲ್ ಮರೀನ್ಸ್‌ನಲ್ಲಿದ್ದವರು. 1960ರಲ್ಲಿ ಒಬ್ಬೊಬ್ಬರೇ ಅಟ್ಲಾಂಟಿಕ್ ದಾಟುವ ಮೊದಲ ಸ್ಪರ್ಧೆ ಪ್ಲಿಮತ್‌ನಿಂದ ನ್ಯೂಯಾರ್ಕ್‌ಗೆ ನಡೆಯಿತು. ಅದರ ಯೋಚನೆಯೂ ಅವರದ್ದೇ. 25 ಅಡಿಯ 'ಜೆಸ್ಟರ್' ಎಂಬ ತಮ್ಮ ದೋಣಿಗೆ ಜಂಕ್ ಹಾಯಿ ಕಟ್ಟಿ, ಡೆಕ್ ನಡುವೆ ದುಂಡನೆಯ ಕಿಂಡಿ ಮಾಡಿ, ಎಲ್ಲ ಹಗ್ಗಗಳನ್ನೂ ಅಲ್ಲಿಗೇ ತಂದಿದ್ದರು. 48 ದಿನಕ್ಕೆ ದಾಟಿ ಎರಡನೆಯವರಾದರು. ಗೆದ್ದ ಫ್ರಾನ್ಸಿಸ್ ಚಿಚೆಸ್ಟರ್ ಹೋಗಿದ್ದು ಅದಕ್ಕಿಂತ ಎಷ್ಟೋ ದೊಡ್ಡ ದೋಣಿಯಲ್ಲಿ, 40 ದಿನಕ್ಕೆ.

ಗಾಳಿಗೆ ಎದುರು ಹೋಗುವಾಗ

ಇಲ್ಲಿ ಜಂಕ್ ಅಭಿಮಾನಿಗಳು ಸ್ವಲ್ಪ ಮಾತು ಹಾರಿಸುತ್ತಾರೆ. ಹಳೆಯ ಮಾದರಿಯ ಜಂಕ್ ಹಾಯಿ ಚಪ್ಪಟೆ. ಗಟ್ಟಿ ಪಟ್ಟಿಗಳ ನಡುವೆ ಬಿಗಿದ ಬಟ್ಟೆಗೆ ಹೊಟ್ಟೆ ಬರುವುದಿಲ್ಲ, ಹೊಟ್ಟೆಯಿಲ್ಲದ ಹಾಯಿ ಗಾಳಿಗೆ ಎದುರಾಗಿ ಚೆನ್ನಾಗಿ ಎಳೆಯುವುದಿಲ್ಲ. ಮಾಮೂಲಿ ಬರ್ಮುಡನ್ ದೋಣಿ ಗಾಳಿಗೆ ಸುಮಾರು 45 ಡಿಗ್ರಿ ಕೋನದಲ್ಲಿ ಓರೆಯಾಗಿ ಸಾಗುತ್ತದೆ. ಚಪ್ಪಟೆ ಜಂಕ್ ಅದೇ ಕೋನಕ್ಕೆ ಬಂದರೆ ವೇಗ ಕಳೆದುಕೊಂಡು ಪಕ್ಕಕ್ಕೆ ಜಾರುತ್ತದೆ.

ಅದಕ್ಕೆ ಮದ್ದು ಬಂದು ಕೆಲವು ದಶಕಗಳಾದವು. ನಾರ್ವೆಯ ಆರ್ನೆ ಕ್ವೆರ್ನೆಲಾಂಡ್ ಮುಂತಾದವರು ಪಟ್ಟಿ ಪಟ್ಟಿಯ ನಡುವಿನ ಒಂದೊಂದು ತುಂಡು ಬಟ್ಟೆಯನ್ನೂ ಉಬ್ಬಿರುವ ಹಾಗೆ ಹೊಲಿಯುವ ಕ್ರಮ ಬೆಳೆಸಿದರು. ಸಾಮಾನ್ಯವಾಗಿ ಹಾಯಿಯ ಅಗಲದ ಶೇಕಡ 8ರ ಆಸುಪಾಸಿನಷ್ಟು ಉಬ್ಬು ಇಡುತ್ತಾರೆ. ಪಟ್ಟಿ ಗಟ್ಟಿಯೇ, ಬಟ್ಟೆಗೆ ಮಾತ್ರ ಹೊಟ್ಟೆ. ಸ್ಲೀವ್ ಮೆಕ್‌ಗ್ಯಾಲಿಯರ್ಡ್ ಎಂಬವರು ಇನ್ನೂ ಮುಂದೆ ಹೋಗಿ ಕಂಬದ ಜಾಗದಲ್ಲಿ ಹಾಯಿಯನ್ನೇ ಸೀಳಿ, ಮುಂದಿನ ಭಾಗ ಪುಟ್ಟ ಪುಟ್ಟ ಮುಂಹಾಯಿಗಳ ಹಾಗೆ ಕೆಲಸ ಮಾಡುವಂತೆ ಮಾಡಿದರು. ಇಂಥ ಹಾಯಿ ಕಟ್ಟಿದ ದೋಣಿ ಅದೇ ಅಳತೆಯ ಬರ್ಮುಡನ್ ಜೊತೆ ಹೆಚ್ಚೇನೂ ಹಿಂದೆ ಬೀಳುವುದಿಲ್ಲ. ಆದ್ದರಿಂದ ಹಳೆಯ ಜಂಕ್ ದೋಣಿ ನೋಡಲು ಹೋದಾಗ ಹಾಯಿ ಚಪ್ಪಟೆಯೋ ಉಬ್ಬೋ ಅಂತ ಮೊದಲು ಕೇಳಿ. ಎರಡೂ ಬೇರೆ ಬೇರೆ ವಾಹನಗಳೇ ಸರಿ.

ತಮಾಷೆ ಏನೆಂದರೆ, ಎದುರುಗಾಳಿಯ ಕಷ್ಟ ಜಾಸ್ತಿ ಕಾಡುವುದು ನಡು ಸಮುದ್ರದಲ್ಲಿ ಅಲ್ಲ, ಮನೆ ಬಾಗಿಲಲ್ಲಿ. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಗೆ ಸುಮಾರು 2,700 ನಾಟಿಕಲ್ ಮೈಲಿ. ನವೆಂಬರ್ ಕೊನೆಯಲ್ಲಿ ಹೊರಟರೆ ಬಹುಪಾಲು ಹಿಂದಿನಿಂದಲೇ ಗಾಳಿ. ಜಂಕ್‌ಗೆ ಹಬ್ಬ. ಹಾಯಿಯನ್ನು ಪೂರ್ತಿ ಪಕ್ಕಕ್ಕೆ ಚಾಚಿದರೆ ತಡೆಯಲು ತಂತಿಯೇ ಇಲ್ಲ. ಆದರೆ ಅಲ್ಲಿಗೆ ಹೋಗುವ ಮುಂಚೆ ಇಂಗ್ಲಿಷ್ ಕಾಲುವೆಯಲ್ಲಿ ಪಶ್ಚಿಮಕ್ಕೆ ಹೋಗಬೇಕಲ್ಲ? ಸೌತಾಂಪ್ಟನ್ ಎದುರಿನ ಜಲಸಂಧಿಯಾದ ಸೊಲೆಂಟ್‌ನಿಂದ ಫಾಲ್ಮತ್ ಕಡೆಗೆ, ನೈಋತ್ಯದ ಗಾಳಿಗೆ ಮುಖ ಕೊಟ್ಟು, ದಾರಿಯ ಭೂಶಿರವಾದ ಪೋರ್ಟ್‌ಲ್ಯಾಂಡ್ ಬಿಲ್‌ನ ಉಬ್ಬರವಿಳಿತದ ಲೆಕ್ಕ ತಪ್ಪದ ಹಾಗೆ. ಚಪ್ಪಟೆ ಹಾಯಿಯವರು ಅಲ್ಲಿ ದಿನಗಟ್ಟಲೆ ಪೂರ್ವದ ಗಾಳಿಗೆ ಕಾಯುತ್ತಾರೆ, ಇಲ್ಲವೇ ಎಂಜಿನ್ ಹಾಕುತ್ತಾರೆ. ದೋಣಿಯೇ ಮನೆಯಾದ ಮೇಲೆ ಕಾಯುವುದರಲ್ಲಿ ನಷ್ಟವೇನಿಲ್ಲ ಅಂತ ನನಗನಿಸುತ್ತದೆ. ಎರಡು ವಾರದ ರಜೆ ಹಾಕಿ ಬಂದವರಿಗೆ ಮಾತ್ರ ಅದು ಉರಿ.

ಗಾಳಿ ತೀರಾ ಕಡಿಮೆಯಾದಾಗಲೂ ಬರ್ಮುಡನ್‌ಗೆ ಮೇಲುಗೈ. ತೆಳು ಬಟ್ಟೆಯ ದೊಡ್ಡ ಹಾಯಿ ಏರಿಸಿ ಹೇಗೋ ಸಾಗಬಹುದು. ಜಂಕ್‌ನಲ್ಲಿ ಗಾಳಿ ನಿಂತ ಮೇಲೂ ಉಳಿದ ಅಲೆಗಳ ಮೇಲೆ ದೋಣಿ ಹೊಯ್ದಾಡುವಾಗ ಪಟ್ಟಿಗಳು ಕಂಬಕ್ಕೆ ಟಕ್ ಟಕ್ ಅಂತ ಬಡಿಯುತ್ತವೆ. ಹಗಲಿಡೀ, ರಾತ್ರಿಯಿಡೀ. ಬಡಿದಲ್ಲಿ ಬಟ್ಟೆ ಸವೆಯುತ್ತದೆ, ಮಲಗಿದವರ ತಾಳ್ಮೆಯೂ ಸವೆಯುತ್ತದೆ. ಪಟ್ಟಿಗೆ ಚರ್ಮ ಅಥವಾ ಪ್ಲಾಸ್ಟಿಕ್ ಪೈಪಿನ ಹೊದಿಕೆ ಹಾಕುವುದು ವಾಡಿಕೆ. ಪೂರ್ತಿ ನಿಲ್ಲುವುದಿಲ್ಲ.

ದುಡ್ಡು, ಮುರಿತ, ರಿಪೇರಿ

ಬರ್ಮುಡನ್ ಕಂಬ ನಿಂತಿರುವುದು ತಂತಿಗಳ ಮೇಲೆ. ತಂತಿ ಹಿಡಿದ ಒಂದು ಪಿನ್ ಹೋದರೆ ಕಂಬ ಹೋಯಿತು. ಆ ತಂತಿಗೂ ವಯಸ್ಸಾಗುತ್ತದೆ. ಸುಮಾರು ಹತ್ತು ವರ್ಷ ದಾಟಿದರೆ ಬ್ರಿಟನ್ನಿನ ಅನೇಕ ವಿಮಾ ಕಂಪನಿಗಳು ಬದಲಾಯಿಸಿ ಅನ್ನುತ್ತವೆ, ಇಲ್ಲವೇ ಪರೀಕ್ಷೆಯ ವರದಿ ಕೇಳುತ್ತವೆ. ಹಳೆಯ ದೋಣಿ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟವರಿಗೆ ಈ ಒಂದು ಖರ್ಚೇ ದೋಣಿಯ ಬೆಲೆಯ ಹತ್ತಿರ ಬರುವುದುಂಟು. ಮೇಲೆ ಹಗ್ಗ ಸುತ್ತಿ ಬಿಗಿಯುವ ವಿಂಚುಗಳು, ಸುರುಳಿ ಸುತ್ತುವ ಯಂತ್ರ, ಗಟ್ಟಿ ಬಟ್ಟೆಯ ಹಾಯಿಗಳು. ಒಳ್ಳೆಯದು ಏನೆಂದರೆ ಈ ಸಾಮಾನು ಹಾಯಿದೋಣಿ ಓಡಾಡುವ ಯಾವ ಬಂದರಿನಲ್ಲೂ ಸಿಗುತ್ತದೆ. ಗ್ರೆನಡಾದಲ್ಲಿ ಹಾಯಿ ಹರಿದರೆ ಹೊಲಿಯುವವರು ಇದ್ದಾರೆ, ನ್ಯೂಜಿಲ್ಯಾಂಡಿನಲ್ಲಿ ತಂತಿ ಹೋದರೆ ಹಾಕಿಕೊಡುವವರು ಇದ್ದಾರೆ.

ಜಂಕ್‌ನಲ್ಲಿ ತಂತಿಯೇ ಇಲ್ಲ, ವಿಂಚು ಒಂದೋ ಎರಡೋ. ಗಾಳಿಯ ಭಾರ ಪಟ್ಟಿ ಪಟ್ಟಿಗೂ ಹಂಚಿಹೋಗುವುದರಿಂದ ಹಾಯಿಗೆ ದುಬಾರಿ ಬಟ್ಟೆ ಬೇಕಿಲ್ಲ. ಅಂಗಡಿ ಮುಂದೆ ನೆರಳಿಗೆ ಕಟ್ಟುವ ಅಕ್ರಿಲಿಕ್ ಬಟ್ಟೆಯಲ್ಲೇ ಎಷ್ಟೋ ಜನ ಹಾಯಿ ಹೊಲಿದಿದ್ದಾರೆ. ಮನೆಯ ಹೊಲಿಗೆ ಮಿಷನ್ ಗಟ್ಟಿಮುಟ್ಟಾಗಿದ್ದರೆ ಅದೇ ಸಾಕು. ಹಾಯಿಯಲ್ಲಿ ತೂತು ಬಿದ್ದರೆ ಆ ಹರುಕು ಮುಂದಿನ ಪಟ್ಟಿಯವರೆಗೆ ಹೋಗಿ ನಿಲ್ಲುತ್ತದೆ. ಪಟ್ಟಿ ಮುರಿದರೆ ಪಕ್ಕಕ್ಕೆ ಕೋಲು ಕಟ್ಟಿ ಮುಂದೆ ಹೋಗಬಹುದು. ಪಟ್ಟಿ ಮುರಿಯುವುದು ಅಪರೂಪವೇನಲ್ಲ, ಅದಕ್ಕೇ ಒಂದೆರಡು ಅಲ್ಯೂಮಿನಿಯಂ ಪೈಪು ಡೆಕ್ ಮೇಲೆ ಕಟ್ಟಿಟ್ಟಿರಬೇಕು. ಇದೆಲ್ಲ ಕೈಕೆಲಸ ಬರುವವರಿಗೆ ಲಾಭ. ಬಾರದವರಿಗೆ ತಲೆನೋವು, ಯಾಕೆಂದರೆ ಬಂದರಿನ ಮೆಕ್ಯಾನಿಕ್ ಜಂಕ್ ಹಾಯಿ ನೋಡಿರುವುದೇ ಅನುಮಾನ.

ಹಗ್ಗ ಮಾತ್ರ ರಾಶಿ ರಾಶಿ ಬೇಕು. ಹಾಯಿ ಎತ್ತುವ ಹಗ್ಗ ನಾಲ್ಕೈದು ಸುತ್ತು ರಾಟೆಗಳಲ್ಲಿ ಹೋಗಿ ಬರುತ್ತದೆ. 30 ಅಡಿಯ ದೋಣಿಗೆ 35–40 ಚದರ ಮೀಟರಿನ ಆಸುಪಾಸಿನ ಒಂದೇ ಹಾಯಿ, ಜೊತೆಗೆ ಅಷ್ಟೂ ಪಟ್ಟಿಗಳ ಭಾರ. ಇಳಿಸುವುದು ಎಷ್ಟು ಸಲೀಸೋ ಏರಿಸುವುದು ಅಷ್ಟೇ ಬೆವರು. ಭುಜ ನೋವಿರುವವರು ಇದನ್ನು ಮರೆಯಬಾರದು.

ಕಂಬವೇ ಮುರಿದರೆ? ತಂತಿಯಿಲ್ಲದ ಕಂಬ ತೆಂಗಿನಮರದ ಹಾಗೆ ಬಾಗಿ ಗಾಳಿ ತಡೆಯುತ್ತದೆ ಅನ್ನುವ ಮಾತು ಜಂಕ್ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ನಿಜವೇ, ಒಂದು ಮಿತಿಯವರೆಗೆ. ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತುವ 1968ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಬಿಲ್ ಕಿಂಗ್ ಅವರ 'ಗಾಲ್ವೇ ಬ್ಲೇಜರ್ 2' ಎರಡು ಕಂಬದ ಜಂಕ್. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮಗುಚಿ ಕಂಬ ಕಳೆದುಕೊಂಡಿತು, ಅವರು ಕೇಪ್‌ಟೌನ್‌ನಲ್ಲಿ ಸ್ಪರ್ಧೆ ಬಿಡಬೇಕಾಯಿತು. ಸರಿಯಾಗಿ ಐವತ್ತು ವರ್ಷದ ನಂತರ, 2018ರಲ್ಲಿ, ಅದೇ ಹೆಸರಿನ ಸ್ಪರ್ಧೆಯಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಅವರ 'ತುರಿಯಾ' ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಮಗುಚಿತು. ಅದರ ಕಂಬಕ್ಕೆ ತಂತಿಗಳಿದ್ದವು. ಅದೂ ಮುರಿಯಿತು, ಅವರ ಬೆನ್ನಿಗೆ ದೊಡ್ಡ ಪೆಟ್ಟಾಯಿತು. ಆ ಮಟ್ಟದ ಅಲೆ ಹೊಡೆದರೆ ಯಾವ ಹಾಯಿಯೂ ಉಳಿಸುವುದಿಲ್ಲ. ನಾವು ನೀವು ಹೋಗುವ ದಾರಿಯಲ್ಲಿ ಆ ಸಮುದ್ರ ಬರುವುದೂ ಇಲ್ಲ, ಬರಬಾರದು ಕೂಡ.

ಒಳಗಿನ ಸಂಸಾರ

ದೋಣಿಯಲ್ಲೇ ಬದುಕುವವರು ವರ್ಷದ ಬಹುಪಾಲು ಲಂಗರು ಹಾಕಿ ನಿಂತಿರುತ್ತಾರೆ. ಹಾಯಿ ಎತ್ತುವ ದಿನಗಳು ಕಡಿಮೆ. ಹಾಗಾಗಿ ಈ ಭಾಗ ನಿಜಕ್ಕೂ ಮುಖ್ಯ, ಆದರೆ ಮಾರುವವರು ಯಾರೂ ಇದನ್ನು ಮಾತಾಡುವುದಿಲ್ಲ.

ತಂತಿಯಿಲ್ಲದ ಕಂಬ ನಿಲ್ಲಬೇಕಾದರೆ ಡೆಕ್ ತೂರಿ ದೋಣಿಯ ತಳದವರೆಗೆ ಇಳಿದಿರಬೇಕು. ಜಂಕ್‌ನಲ್ಲಿ ಕಂಬ ಸಾಮಾನ್ಯವಾಗಿ ಮಾಮೂಲಿಗಿಂತ ಮುಂದೆ ನಿಲ್ಲುತ್ತದೆ. ಅಂದರೆ ಮುಂದಿನ ಮಲಗುವ ಕೋಣೆಯ ನಟ್ಟನಡುವೆ, ಒಂದು ಗೇಣಿಗೆ ಹತ್ತಿರದ ದಪ್ಪದ ಕಂಬ. ಇಬ್ಬರು ಮಲಗುವ ಹಾಸಿಗೆ ಎರಡು ಸೀಳಾಗುತ್ತದೆ. ಕೆಲವರು ಆ ಕೋಣೆಯನ್ನೇ ಉಗ್ರಾಣ ಮಾಡಿಬಿಡುತ್ತಾರೆ: ಅಕ್ಕಿ, ಬೇಳೆ, ಹೊಲಿಗೆ ಮಿಷನ್, ಬಣ್ಣದ ಡಬ್ಬ. ದಂಪತಿ ಇಬ್ಬರೂ ನಡುಕೋಣೆಯ ಬೆಂಚಿನ ಮೇಲೆ ಆಚೆ ಈಚೆ ಮಲಗಲು ತಯಾರಿದ್ದೀರಾ? ಇದನ್ನು ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಕಂಬ ಸರಿಸಲು ಬರುವುದಿಲ್ಲ.

ಡೆಕ್ ಮೇಲೆ ತಂತಿಗಳಿಲ್ಲದ ಕಾರಣ ಓಡಾಡಲು ಆರಾಮ. ಆದರೆ ಅಲೆಯಲ್ಲಿ ಹಿಡಿದುಕೊಳ್ಳಲು ಕೈಗೆ ಏನೂ ಸಿಗುವುದಿಲ್ಲ. ಅದಕ್ಕೆ ಹಿಡಿಕೆಗಳು ಜಾಸ್ತಿ ಹಾಕಿಸಿ. ಮಡಿಸಿಟ್ಟ ಹಾಯಿ ದಪ್ಪ ಉರುಳೆಯಾಗಿ ಡೆಕ್ ಮೇಲೆ ತೂಗುತ್ತದೆ. ಬಿಸಿಲಿನ ದೇಶದಲ್ಲಿ ಅದರ ಮೇಲೆ ಬಟ್ಟೆ ಹಾಸಿದರೆ ಒಳ್ಳೆಯ ಚಪ್ಪರ. ಅದೇ ಉರುಳೆ ಸೋಲಾರ್ ಪ್ಯಾನೆಲ್ ಮೇಲೆ ನೆರಳು ಬೀಳಿಸುತ್ತದೆ. ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟು ಸುಮಾರು ಕಡಿಮೆಯಾಗಿಬಿಡುತ್ತದೆ. ಹಾಗಂತ ಹಿಂಭಾಗದಲ್ಲಿ ಕಮಾನು ಕಟ್ಟಿ ಪ್ಯಾನೆಲ್ ಇಡೋಣ ಅಂದರೆ, ಜಂಕ್ ಹಾಯಿಯ ಪ್ರತಿ ಪಟ್ಟಿಯಿಂದಲೂ ಇಳಿಯುವ ಹಗ್ಗಗಳು ಓಡಾಡುವುದು ಅಲ್ಲೇ. ಹಾಯಿ ಈ ಕಡೆಯಿಂದ ಆ ಕಡೆಗೆ ಹೊರಳುವಾಗ ಸಡಿಲಾದ ಹಗ್ಗ ಪ್ಯಾನೆಲ್ ಮೂಲೆಗೋ, ಎಂಜಿನ್ ಹಿಡಿಗೋ, ಕೂತವರ ಕತ್ತಿಗೋ ಸಿಕ್ಕಿಕೊಳ್ಳುತ್ತದೆ. ಹಿಂಭಾಗವನ್ನು ಬೋಳಾಗಿ ಇಟ್ಟಷ್ಟೂ ಕ್ಷೇಮ. ಫ್ರಿಜ್, ಲ್ಯಾಪ್‌ಟಾಪ್, ಇಂಡಕ್ಷನ್ ಒಲೆ ಎಲ್ಲ ಬೇಕು, ದೋಣಿಯಿಂದಲೇ ಆಫೀಸ್ ಕೆಲಸ ಮಾಡುತ್ತೇನೆ ಅನ್ನುವವರಿಗೆ ಬರ್ಮುಡನ್‌ನಲ್ಲಿ ಪ್ಯಾನೆಲ್ ಜೋಡಿಸುವುದು ಸುಲಭ.

ಅಡುಗೆಮನೆಗೆ ಹಾಯಿ ಯಾವುದಾದರೇನು ಅಂದುಕೊಳ್ಳಬೇಡಿ. ಜಂಕ್ ದೋಣಿಯಲ್ಲಿ ಒಬ್ಬರು ಕಾವಲು ಕೂತು ಹಾಯಿ ನೋಡಿಕೊಳ್ಳುವಾಗ ಇನ್ನೊಬ್ಬರು ನಿಜಕ್ಕೂ ಅಡುಗೆ ಮಾಡಬಹುದು. 'ಬೇಗ ಬಾ, ಹಗ್ಗ ಹಿಡಿ' ಅನ್ನುವ ಕೂಗು ಕಡಿಮೆ. ಪ್ರೆಶರ್ ಕುಕ್ಕರ್ ಮಾತ್ರ ಯಾವ ದೋಣಿಯಾದರೂ ತನ್ನಿ. ಗ್ಯಾಸ್ ಉಳಿಯುತ್ತದೆ, ಮುಚ್ಚಳ ಭದ್ರವಾಗಿರುವುದರಿಂದ ದೋಣಿ ಒಲೆದಾಡಿದರೂ ಬಿಸಿ ಸಾರು ಮೈಮೇಲೆ ಚೆಲ್ಲುವುದಿಲ್ಲ. ದೂರ ಹೋಗುವ ಇಂಗ್ಲಿಷರೂ ಇದನ್ನು ಒಪ್ಪುತ್ತಾರೆ. ದೇಶ ಬದಲಾದರೆ ಗ್ಯಾಸ್ ಸಿಲಿಂಡರಿನ ಬಾಯಿ ಬದಲಾಗುತ್ತದೆ, ಹೊಂದಿಸುವ ತುಂಡುಗಳನ್ನು ಹೊರಡುವ ಮುಂಚೆಯೇ ಕೂಡಿಸಿಟ್ಟುಕೊಳ್ಳಿ.

ತರುವುದು ಎಲ್ಲಿಂದ?

ಇಲ್ಲಿ ಬರ್ಮುಡನ್‌ನವರಿಗೆ ಹೇಳಲು ಏನೂ ಇಲ್ಲ. ಹೋಗಿ, ನೋಡಿ, ಕೊಳ್ಳಿ. ಜಂಕ್ ಬೇಕು ಅನ್ನುವವರಿಗೆ ಮೂರು ದಾರಿ ಇದೆ.

ಸಿದ್ಧ ದೋಣಿ ಕೊಳ್ಳುವುದು ಒಂದು. ಬ್ರಿಟನ್ನಿನಲ್ಲಿ ಕಾರ್ಖಾನೆಯಿಂದಲೇ ಜಂಕ್ ಹಾಯಿಯೊಂದಿಗೆ ಬಂದ ದೋಣಿಗಳಿವೆ. 21 ಅಡಿಯ ನ್ಯೂಬ್ರಿಜ್ ಕೊರೊಮಾಂಡೆಲ್ ಅದರಲ್ಲಿ ಹೆಸರುವಾಸಿ. ಅದು ಕೊರಿಬೀ ಎಂಬ ಪುಟ್ಟ ದೋಣಿಯ ಅಣ್ಣತಮ್ಮ. ಅಂಥದ್ದೇ ಕೊರಿಬೀಗೆ ಜಂಕ್ ಹಾಯಿ ಕಟ್ಟಿ, ಎಂಜಿನ್ ತೆಗೆದುಹಾಕಿ, ಒಳಗೆ ಮುಳುಗದ ಹಾಗೆ ಫೋಮ್ ತುಂಬಿಸಿ, ರೋಜರ್ ಟೇಲರ್ 'ಮಿಂಗ್‌ಮಿಂಗ್' ಎಂಬ ಹೆಸರಿಟ್ಟು ಆರ್ಕ್ಟಿಕ್ ನೀರಿನವರೆಗೂ ಹೋಗಿ ಬಂದರು. ಸಾಹಸಕ್ಕೆ ಸರಿ. ಇಬ್ಬರು ವರ್ಷವಿಡೀ ಬದುಕಲು 21 ಅಡಿ ಸಾಲದು, ಜಗಳ ಗ್ಯಾರಂಟಿ. 26 ಅಡಿಯಿಂದ ಮೇಲೆ ನೋಡಿ. ಆ ಅಳತೆಯಲ್ಲಿ ಸಿದ್ಧ ಜಂಕ್ ಮಾರಾಟಕ್ಕೆ ಬರುವುದು ವರ್ಷಕ್ಕೆ ಬೆರಳೆಣಿಕೆ. ಕಾಯಬೇಕು. ಕಾದರೆ ಅಗ್ಗಕ್ಕೂ ಸಿಗುತ್ತದೆ, ಯಾಕೆಂದರೆ ಕೊಳ್ಳುವವರೂ ಕಡಿಮೆ. ನೀವು ಮಾರುವಾಗಲೂ ಇದೇ ಮಾತು ಅನ್ನುವುದು ನೆನಪಿರಲಿ.

ಎರಡನೆಯದು, ಹಳೆಯ ಬರ್ಮುಡನ್ ದೋಣಿ ಕೊಂಡು ಬದಲಾಯಿಸುವುದು. ನನ್ನ ಮಟ್ಟಿಗೆ ಕೈಕೆಲಸ ಬರುವವರಿಗೆ ಇದೇ ಒಳ್ಳೆಯ ದಾರಿ. ತಂತಿ ಬದಲಾಯಿಸಲು ದುಡ್ಡಿಲ್ಲದೆ ಮಾರುತ್ತಿರುವ ಗಟ್ಟಿ ದೋಣಿ ಹುಡುಕಿ. ಆ ತಂತಿ ನಿಮಗೆ ಬೇಕಾಗಿಯೇ ಇಲ್ಲವಲ್ಲ! ಹಳೆಯ ಕಂಬ, ವಿಂಚು, ಹಾಯಿ ಮಾರಿದರೆ ಸ್ವಲ್ಪ ದುಡ್ಡೂ ಬರುತ್ತದೆ. ಹೊಸ ಕಂಬಕ್ಕೆ ಮರ ಅಂಟಿಸಿ ಮಾಡುವವರಿದ್ದಾರೆ. ಬೀದಿದೀಪಕ್ಕೆ ಹಾಕುವ, ಮೇಲೆ ಹೋದಂತೆ ಸಣ್ಣಗಾಗುವ ಅಲ್ಯೂಮಿನಿಯಂ ಕಂಬವನ್ನೇ ತಂದು ನಿಲ್ಲಿಸಿದವರೂ ಇದ್ದಾರೆ. ಕೆಳಗೆ ಅಲ್ಯೂಮಿನಿಯಂ ಪೈಪು, ಮೇಲೆ ಮರ ಸೇರಿಸುವುದೂ ಉಂಟು.

ಕಷ್ಟವಿರುವುದು ಎರಡು ಕಡೆ. ಒಂದು, ಕಂಬ ಎಲ್ಲಿ ನಿಲ್ಲಬೇಕು ಅನ್ನುವ ಲೆಕ್ಕ. ಹಾಯಿಯ ಎಳೆತದ ನಡುಬಿಂದು ದೋಣಿಯ ತಳದ ಹಿಡಿತಕ್ಕೆ ಹೊಂದದಿದ್ದರೆ ಚುಕ್ಕಾಣಿ ಯಾವಾಗಲೂ ಒಂದೇ ಕಡೆ ಜಗ್ಗುತ್ತದೆ. ಇನ್ನೊಂದು, ಕಂಬ ಡೆಕ್ ತೂರುವ ಜಾಗ. ಗಾಳಿಯ ಅಷ್ಟೂ ಭಾರವನ್ನು ಹೊರುವುದು ಆ ಒಂದು ರಂಧ್ರದ ಸುತ್ತಲಿನ ಡೆಕ್. ಹಳೆಯ ಫೈಬರ್‌ಗ್ಲಾಸ್ ಡೆಕ್ ಅದಕ್ಕಾಗಿ ಮಾಡಿದ್ದಲ್ಲ. ದಪ್ಪ ಪ್ಲೈವುಡ್, ಅಡ್ಡ ತೊಲೆ ಎಲ್ಲ ಸೇರಿಸಿ ಬಲಪಡಿಸಬೇಕು. ಇದನ್ನು ಅಂದಾಜಿನಲ್ಲಿ ಮಾಡಬೇಡಿ. ಅನುಭವವಿರುವವರಿಗೆ ನಕ್ಷೆ ತೋರಿಸಿ, ವಿಮೆ ಕೊಡುವವರಿಗೂ ಮೊದಲೇ ತಿಳಿಸಿ. ಬ್ರಿಟನ್ನಿನ ಜಂಕ್ ರಿಗ್ ಅಸೋಸಿಯೇಷನ್ ಸದಸ್ಯರಲ್ಲಿ ಈ ಕೆಲಸ ಮಾಡಿದವರು ಬಹಳ ಜನ, ಕೇಳಿದರೆ ಹೇಳಿಕೊಡುತ್ತಾರೆ.

ಮೂರನೆಯದು, ಪೂರ್ತಿ ಹೊಸದಾಗಿ ಕಟ್ಟುವುದು. ಆನಿ ಹಿಲ್ ಮತ್ತು ಪೀಟ್ ಹಿಲ್ 'ಬ್ಯಾಜರ್' ಎಂಬ 34 ಅಡಿಯ ಎರಡು ಕಂಬದ ಜಂಕ್ ದೋಣಿಯನ್ನು ಪ್ಲೈವುಡ್‌ನಲ್ಲಿ ತಾವೇ ಕಟ್ಟಿ, ಕಡಿಮೆ ಖರ್ಚಿನಲ್ಲಿ ವರ್ಷಾನುಗಟ್ಟಲೆ ಅಟ್ಲಾಂಟಿಕ್‌ನಲ್ಲಿ ಅದರಲ್ಲೇ ಬದುಕಿದರು. ಆಮೇಲೆ ಆನಿ ನ್ಯೂಜಿಲ್ಯಾಂಡಿನಲ್ಲಿ 26 ಅಡಿಯ ಇನ್ನೊಂದು ಜಂಕ್, 'ಫಾನ್‌ಶಿ', ಕಟ್ಟಿದರು. ಇನ್ನೂ ಹಳೆಯ ಕಥೆ ಬೇಕಾದರೆ ಜೋಶುವಾ ಸ್ಲೋಕಮ್. ಬ್ರೆಜಿಲ್ ತೀರದಲ್ಲಿ ಹಡಗು ಒಡೆದ ಮೇಲೆ 35 ಅಡಿಯ 'ಲಿಬರ್ಡಾಡೆ' ಕಟ್ಟಿ, ಅದಕ್ಕೆ ಚೀನಾ ಮಾದರಿಯ ಹಾಯಿ ಹಾಕಿ, 1888ರಲ್ಲಿ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ಅಮೆರಿಕಕ್ಕೆ ವಾಪಸ್ ಬಂದವರು ಅವರು. ಓದಲು ಚೆನ್ನ. ಆದರೆ ಸಮುದ್ರ ಸುತ್ತುವ ಆಸೆಯಿಂದ ದೋಣಿ ಕಟ್ಟಲು ಶುರುಮಾಡಿದವರಲ್ಲಿ ಹಲವರು ಶೆಡ್ಡಿನಲ್ಲೇ ಮುದುಕರಾಗುತ್ತಾರೆ. ಕಟ್ಟುವುದೇ ಖುಷಿ ಅನ್ನುವವರಿಗೆ ಮಾತ್ರ ಇದು.

ಅಂದಹಾಗೆ ಈ ಹಾಯಿ ನಮ್ಮ ಕರಾವಳಿಗೂ ಅಪರಿಚಿತವಲ್ಲ. 14ನೇ ಶತಮಾನದಲ್ಲಿ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತ, ಕಲ್ಲಿಕೋಟೆಯ ಬಂದರಿನಲ್ಲಿ ನಿಂತಿದ್ದ ಚೀನೀ ಹಡಗುಗಳ ಬಗ್ಗೆ ಬರೆದಿದ್ದಾನೆ. ಬಿದಿರಿನ ಸೀಳುಗಳನ್ನು ಚಾಪೆಯಂತೆ ಹೆಣೆದ ಹಾಯಿಗಳನ್ನು ಅವನು ಅಲ್ಲಿ ಕಂಡಿದ್ದ.

ಕಾಗದಪತ್ರ, ಋತು

ಇದರಲ್ಲಿ ಹಾಯಿಯ ಭೇದವಿಲ್ಲ, ಬೇಗ ಹೇಳಿ ಮುಗಿಸುತ್ತೇನೆ. ದೋಣಿಯ ಬಾವುಟ, ಅಂದರೆ ಅದು ನೋಂದಣಿಯಾದ ದೇಶ, ಒಂದು, ನಿಮ್ಮ ಪಾಸ್‌ಪೋರ್ಟ್ ಇನ್ನೊಂದು. ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಅನ್ನುವ ಲೆಕ್ಕ ಲಂಗರು ಹಾಕಿ ನಿಂತವರಿಗೂ ಅನ್ವಯ. ಭಾರತದ ಪಾಸ್‌ಪೋರ್ಟ್ ಇದ್ದರೆ ಹೊರಡುವ ಮುಂಚೆಯೇ ವೀಸಾ ಬೇಕು, ಬ್ರಿಟಿಷ್ ಪಾಸ್‌ಪೋರ್ಟಿನವರಿಗೂ 2021ರಿಂದ 90 ದಿನದ ಮಿತಿಯೇ. ಕೆರಿಬಿಯನ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಆಗ ಎಲ್ಲಿರಬೇಕು ಅಂತ ವಿಮಾ ಕಂಪನಿಯ ಷರತ್ತೇ ಹೇಳುತ್ತದೆ. ಬ್ರಿಟನ್ನಿನ ಎಷ್ಟೋ ಮರೀನಾಗಳಲ್ಲಿ ದೋಣಿಯನ್ನು ನಿಲ್ಲಿಸಲು ಬಿಡುತ್ತಾರೆ, ಅದರಲ್ಲೇ ಕಾಯಂ ವಾಸ ಮಾಡಲು ಬಿಡುವುದಿಲ್ಲ. ವಾಸಕ್ಕೆ ಅನುಮತಿ ಇರುವ ಜಾಗ ಮೊದಲು ಹುಡುಕಿಕೊಳ್ಳಿ.

ನೋಡಲು ಹೋದಾಗ

ಇನ್ನೂ ತೀರ್ಮಾನವಾಗಿಲ್ಲವೇ? ಹಾಗಾದರೆ ಮಾಮೂಲಿ ಬರ್ಮುಡನ್ ದೋಣಿಯನ್ನೇ ಅಗ್ಗದಲ್ಲಿ ಕೊಂಡು ಒಂದು ಚಳಿಗಾಲ ಅದರಲ್ಲಿ ಬದುಕಿ ನೋಡಿ. ಒಳಗೋಡೆಯಲ್ಲಿ ಬೆವರುವ ನೀರು, ಒಣಗದ ಬಟ್ಟೆ, ನಾಲ್ಕು ಗಂಟೆಗೇ ಆಗುವ ಕತ್ತಲೆ ಇವನ್ನೆಲ್ಲ ತಡೆದುಕೊಂಡು ವಸಂತದಲ್ಲೂ ಆಸೆ ಉಳಿದಿದ್ದರೆ, ಅದೇ ದೋಣಿಗೆ ಜಂಕ್ ಹಾಯಿ ಹಾಕುವ ಯೋಚನೆ ಮಾಡಬಹುದು. ಉಳಿಯದಿದ್ದರೆ ಮಾರುವುದು ಸುಲಭ.

ಸಿದ್ಧ ಜಂಕ್ ನೋಡಲು ಹೋಗುವವರು ಒಂದು ಟಾರ್ಚ್ ಮತ್ತು ಚೂಪಾದ ಸ್ಕ್ರೂಡ್ರೈವರ್ ಜೇಬಿನಲ್ಲಿ ಇಟ್ಟುಕೊಳ್ಳಿ. ಮೊದಲು ಕಂಬದ ಬುಡಕ್ಕೆ ಹೋಗಿ. ಮರದ್ದಾದರೆ ತಳದಲ್ಲಿ ನೀರು ನಿಂತು ಕೊಳೆತಿದೆಯೇ ಅಂತ ಚುಚ್ಚಿ ನೋಡಿ. ಅಲ್ಯೂಮಿನಿಯಂ ಆದರೆ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಆಮೇಲೆ ಕಂಬ ಡೆಕ್ ತೂರುವ ಜಾಗದ ಕೆಳಗೆ ನಿಂತು ಸುತ್ತ ಬಿರುಕು, ನೀರಿನ ಕಲೆ ಹುಡುಕಿ. ಇನ್ನೊಬ್ಬರು ಡೆಕ್ ಮೇಲೆ ನಿಂತು ಕಂಬವನ್ನು ಜೋರಾಗಿ ಅಲ್ಲಾಡಿಸಲಿ. ಕಂಬವನ್ನು ಡೆಕ್ಕಿಗೆ ಬಿಗಿದ ಬೆಣೆಗಳ ನಡುವೆ ಸದ್ದು ಬರಬಾರದು. ಪಟ್ಟಿಗಳಲ್ಲಿ ಡೊಂಕು ಇದ್ದರೆ ಅದು ದೊಡ್ಡ ವಿಷಯವಲ್ಲ, ಬೆಲೆ ಇಳಿಸಲು ನೆಪ ಅಷ್ಟೇ. ಕೊನೆಗೆ ಮಾರುವವರಿಗೆ ಹಾಯಿ ಪೂರ್ತಿ ಏರಿಸಿ, ಮೂರು ಪಟ್ಟಿ ಇಳಿಸಿ, ಮತ್ತೆ ಏರಿಸಿ ತೋರಿಸಿ ಅನ್ನಿ. ಎಲ್ಲೂ ಸಿಕ್ಕಿಕೊಳ್ಳದೆ ನಡೆದರೆ ಮುಂದಿನ ಮಾತು ಆಡಿ. ಅದಾದ ಮೇಲೆ ಒಂದು ಸಲ ನೀವೇ ಏರಿಸಿ ನೋಡಿ, ಭುಜ ಏನು ಹೇಳುತ್ತದೆ ಅಂತ.